ಹೊತ್ತು ಮುಳುಗಿದ ಮೇಲಿನ ಹುಲ್ಲು

ವೆಳ್ಳಮುಂಡ
ನವೆಂಬರ್ 8, 1981, ಭಾನುವಾರ

ಹರಕೆ ತೀರಿಸಿದೆ. ಎಂದರೆ, ತೀರಿಸಲು ಶುರು ಮಾಡಿದೆ. ದಾಮೋದರನ್‌ನ ಚಹದಂಗಡಿಯ ಹಿಂದಿದ್ದ ಗೂಡಿನಿಂದ ಒಂಬತ್ತು ಮೊಲದ ಮರಿಗಳನ್ನು ಬಿಡಿಸಿಕೊಂಡು ಬಂದೆ. ತಾಯಿಯ ಹಾಲು ಬಿಟ್ಟು ವಾರವೂ ಆಗಿಲ್ಲ. ಪುಲ್ಪಳ್ಳಿಯ ಮನೆಗಳ ಕ್ರಿಸ್ಮಸ್ ಊಟಕ್ಕೆಂದು ಅವನು ಸಾಕಿಕೊಂಡಿದ್ದವು.

"ಸಾರ್ ಮುಯಲ್ ತಿನ್ನೋಕೆ ಶುರು ಮಾಡಿದ್ರಾ?" ಎಂದ. ಅವನ ಕನ್ನಡ ನನ್ನ ಮಲಯಾಳದಷ್ಟೇ ಚೆಂದ. ಮೊಲ ಅವನ ಬಾಯಲ್ಲಿ ಎಂದಿಗೂ ಮುಯಲೇ.

"ತಿನ್ನೋಕಲ್ಲಪ್ಪ, ಬದುಕಿಸೋಕೆ."

"ನಾನೂ ಅದನ್ನೇ ಮಾಡ್ತಿದ್ದೆ ಸಾರೇ. ಕ್ರಿಸ್ಮಸ್ ತನಕ."

ಕಳೆದ ತಿಂಗಳು ಕಲ್ಲಿಕೋಟೆಯ ಆಸ್ಪತ್ರೆಯಲ್ಲಿ ವಿಮಲಳಿಗೆ ಟೈಫಾಯಿಡ್ ಏರಿ, ಕಟ್ಟಿಕೊಂಡ ಗಂಡನ ಮುಖವನ್ನೇ ನೋಡಿ "ಇವರು ಯಾರು?" ಎಂದು ನರ್ಸನ್ನು ಕೇಳಿದಳು. ಅವತ್ತು ವರಾಂಡದಲ್ಲಿ ನಿಂತು ಹೇಳಿಕೊಂಡಿದ್ದೆ: ಇವಳು ಎದ್ದು ಮನೆಗೆ ಬಂದರೆ, ಕತ್ತಿಗೆ ಹೋಗುವ ಒಂದು ಗೂಡು ಜೀವವನ್ನು ಬಿಡಿಸಿ ತಂದು, ಸಾಕಿ ದೊಡ್ಡವು ಮಾಡುತ್ತೇನೆ ಎಂದು. ನಮ್ಮ ಜೈನರ ಮನೆಗಳಲ್ಲಿ ಇದಕ್ಕೆ ಅಭಯದಾನ ಎನ್ನುತ್ತಾರೆ. ಅಪ್ಪ ಒಮ್ಮೆ ಒಂದು ಹೋತವನ್ನು ಬಿಡಿಸಿದ್ದರು. ಅದು ಬದುಕಿದಷ್ಟು ಕಾಲ ನಮ್ಮ ಮೆಣಸಿನ ಬಳ್ಳಿಗಳು ಬದುಕಲಿಲ್ಲ. ಅದಕ್ಕೇ ನಾನು ಮೊಲಕ್ಕೆ ಇಳಿದದ್ದು.

ವಿಮಲ ಜಗಲಿಯಲ್ಲಿ ಕಂಬಳಿ ಹೊದ್ದು ಕೂತು ಒಂದು ಮರಿಯನ್ನು ಮಡಿಲಲ್ಲಿಟ್ಟುಕೊಂಡಳು. ಅವಳಲ್ಲೂ ಮರಿಯಲ್ಲೂ ಎಲುಬೇ ಹೆಚ್ಚು. "ಇವು ಬದುಕಿದ್ರೆ ನಾನೂ ಬದುಕ್ತೀನಿ ಅನ್ನಿ," ಎಂದು ನಕ್ಕಳು. ನಗುವ ಮಾತಲ್ಲ. ನಾನೂ ನಕ್ಕೆ.

ದೀಪ ಹಚ್ಚುವ ಹೊತ್ತಿಗೆ ಗೂಡಿನಿಂದ ತಿನಿಸಿನ ತಟ್ಟೆಯನ್ನು ಹೊರಗೆ ತೆಗೆದೆ. ಹೊತ್ತು ಮುಳುಗಿದ ಮೇಲೆ ಈ ಮನೆಯಲ್ಲಿ ಯಾರೂ ಬಾಯಾಡಿಸುವುದಿಲ್ಲ. ಒಲೆಗೂ ರಜೆ. ಹೊಸಬರು ಬಂದರೆಂದು ನಿಯಮ ಬದಲಾಗುವುದಿಲ್ಲ.

ಬರಮಾಡಿಕೊಳ್ಳಲು ಎರಡು ಸಾಲು:
ಕತ್ತಿಯ ಬಾಯಿಂದ ಬಂದರು ನಂಟರು ಒಂಬತ್ತು,
ತುತ್ತಿಗೆ ಹಗಲಿದೆ, ಇರುಳಿಗೆ ಮುಗಿಯಿತು ಹೊತ್ತು.

ನವೆಂಬರ್ 11

ಪೇಟೆಯಲ್ಲಿ ಜಿಲ್ಲೆಗೆ ವರ್ಷ ತುಂಬಿದ ತೋರಣ ಇನ್ನೂ ತೂಗುತ್ತಿದೆ. ವಯನಾಡು ಜಿಲ್ಲೆ ಚೆನ್ನಾಗಿ ಬೆಳೆಯುತ್ತಿದೆಯಂತೆ. ಏನು ತಿನ್ನಿಸುತ್ತಾರೋ ಕೇಳಬೇಕು.

ಮರಿಗಳ ತಿಂಡಿಯ ವಿಚಾರ ಯೋಚಿಸಿದೆ. ನವೆಂಬರಿನ ಹಗಲು ಗಿಡ್ಡ. ಇಷ್ಟು ಗಿಡ್ಡ ಹಗಲಿನಲ್ಲಿ ಬರೀ ಹುಲ್ಲು ತಿಂದು ಯಾವ ಪ್ರಾಣಿ ಬೆಳೆದೀತು? ದಾಮೋದರನ್ ಗೂಡಿನ ತುಂಬ ಒರಟು ಹುಲ್ಲು ತುರುಕಿರುತ್ತಿದ್ದ. ಕೊಲ್ಲುವವನ ಜಿಪುಣತನ. ಹುಲ್ಲು ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಕಡಿಮೆ ಹೊತ್ತಿನಲ್ಲಿ ಹೆಚ್ಚು ಶಕ್ತಿ ಒಳಗೆ ಹೋಗಬೇಕಾದರೆ ತುತ್ತಿನಲ್ಲೇ ಶಕ್ತಿ ಇರಬೇಕು. ರಾಗಿ ಹಿಟ್ಟು, ಅಕ್ಕಿ ನುಚ್ಚು, ಕಡಲೆಕಾಯಿ ಹಿಂಡಿ, ಮೇಲೆ ಬೆಲ್ಲದ ಪಾಕ. ಕಲಸಿ ಉಂಡೆ ಕಟ್ಟಿದೆ. ಹುಲ್ಲು ನಿಲ್ಲಿಸಿದೆ. ಗೆಣಸು, ಕ್ಯಾರೆಟ್ ಇಲ್ಲ. ನೆಲದಡಿಯದನ್ನು ನಾವೂ ತಿನ್ನುವುದಿಲ್ಲ, ಅವೂ ತಿನ್ನುವುದಿಲ್ಲ. ಈ ಎರಡನೆಯ ಮಾತನ್ನು ಅವುಗಳನ್ನು ಕೇಳಿ ಬರೆದದ್ದಲ್ಲ.

ವಿಮಲಳಿಗೂ ಇದೇ ನ್ಯಾಯ. ಬೆಳಿಗ್ಗೆ ಅಂಟಿನುಂಡೆ, ಮಧ್ಯಾಹ್ನ ತುಪ್ಪದನ್ನ, ಐದು ಗಂಟೆಗೆ ಹಾಲಿಗೆ ಬಾದಾಮಿ. ಆಸ್ಪತ್ರೆಯ ಚೀಟಿಯಲ್ಲಿ "ಸ್ವಲ್ಪ ಸ್ವಲ್ಪ, ಆಗಾಗ" ಎಂದಿದೆ. ರಾತ್ರಿ ಗಂಜಿ ಕುಡಿದು ಮಾತ್ರೆ ನುಂಗಬೇಕಂತೆ. ಆ ಮಾತ್ರೆಯನ್ನು ಸಂಜೆ ಐದಕ್ಕೆ ಸರಿಸಿದೆ. ಮಾತ್ರೆಗೇನು ಗಡಿಯಾರ ನೋಡಲು ಬರುತ್ತದೆಯೇ?

ಅವಳು ಅರ್ಧ ಉಂಡೆ ಬಿಟ್ಟಳು. "ಎದೆಗೆ ಹತ್ತುತ್ತೆ ಕಣ್ರೀ." "ಹತ್ತಲಿ, ಮೈಗೂ ಹತ್ತುತ್ತೆ," ಎಂದೆ.

ಮೈಸೂರಿನಲ್ಲಿ ಕನ್ನಡದಲ್ಲೇ ಓದಿ ಬಿ.ಎ. ಆದವನಿಗೆ ಈ ಸೀಮೆಯಲ್ಲಿ ಉಪಯೋಗ ಒಂದೇ: ಮನೆಯವರಿಗೂ ಓದಲು ಬಾರದ ದಿನಚರಿ ಬರೆಯಬಹುದು. ವಿಮಲ ಮಲಯಾಳ ಶಾಲೆಯವಳು. ಹಾಗಾಗಿ ಧೈರ್ಯವಾಗಿ:
ಮೊಲಕ್ಕೆ ಬೆಲ್ಲ, ಮಡದಿಗೆ ತುಪ್ಪ,
ಇಷ್ಟರ ಮೇಲೂ ಬೆಳೆಯದಿದ್ದರೆ ನನ್ನದೇನು ತಪ್ಪಪ್ಪ!

ನವೆಂಬರ್ 15, ಭಾನುವಾರ

ಕಾಫಿ ತೂಗುವ ತಕ್ಕಡಿಯಲ್ಲಿ ಮರಿಗಳನ್ನು ತೂಗಿದೆ. ಎಲ್ಲವೂ ಏರಿವೆ! ಮೈ ಮಿರುಗುತ್ತಿದೆ. ಉಂಡೆ ಇಟ್ಟರೆ ಮುಗಿಬೀಳುತ್ತವೆ, ನಾಲ್ಕು ಬಾಯಿ ತಿಂದು ಸಾಕೆಂದು ಮೂಲೆ ಸೇರುತ್ತವೆ. ಮಿತಾಹಾರಿಗಳು. ಈ ಮನೆಗೆ ಒಗ್ಗಿಕೊಂಡವು.

ಅವು ತಮ್ಮ ಹಿಕ್ಕೆಯನ್ನು ತಾವೇ ಬಾಯಿಟ್ಟು ತಿನ್ನುವುದನ್ನು ಇಂದು ನೋಡಿದೆ. ಇದನ್ನು ವಿಮಲಳಿಗೆ ಹೇಳಲಿಲ್ಲ. ಕೆಲವು ಜ್ಞಾನ ಒಬ್ಬರಿಗೇ ಸಾಕು.

ಬೆಳಿಗ್ಗೆ ಅವಳು ಕೇಳಿದಳು: "ರಾತ್ರಿಯೆಲ್ಲ ಕಟಕಟ ಅಂತ ಗೂಡಿನ ಸರಳು ಕಡೀತಾವೆ, ಕೇಳಿಸ್ತಾ?"

"ಇಲಿ ಇರಬೇಕು."

"ಇಲಿ ಅಲ್ಲ. ಇವೇ. ಬೆಳಗಿನ ಜಾವದ ತನಕ."

"ನೀನು ಹೆಂಗೆ ಕಂಡೆ?"

"ನಾನೂ ಎದ್ದಿರ್ತೀನಲ್ಲ," ಎಂದಳು.

ಜ್ವರ ಬಿಟ್ಟ ಮೇಲೆ ನಿದ್ದೆ ಹತ್ತುವುದಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಜಾಜಿಕಾಯಿ ತೇದು ಕೊಡಬೇಕು. ಹಗಲಿನಲ್ಲಿ.

ನವೆಂಬರ್ 21

ಒಂದು ಮರಿ ಸತ್ತಿದೆ. ನಿನ್ನೆ ಸಂಜೆ ಬೆನ್ನು ಗೂನು ಮಾಡಿಕೊಂಡು ಕೂತು ಹಲ್ಲು ಮಸೆಯುತ್ತಿತ್ತು. ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ಹೆಚ್ಚು ತಿಂದು ಸುಖವಾಗಿದೆ ಅಂದುಕೊಂಡೆ.

ವಿಮಲ ಏಳುವ ಮೊದಲೇ ಕಾಫಿ ಗಿಡದ ಬುಡದಲ್ಲಿ ಹೂತೆ. ಅವಳು ಜಗಲಿಗೆ ಬಂದವಳೇ ಗೂಡಿನ ಕಡೆ ನೋಡಿ, "ಒಂದು ಕಮ್ಮಿ ಇದೆ," ಎಂದಳು.

"ಜಾನು ಕೇಳಿದ್ಲು. ಕಳೆ ತೆಗೆಯೋಕೆ ಬರ್ತಾಳಲ್ಲ, ಅವಳು. ಸಾಕೋಕೆ ಕೊಟ್ಟೆ."

"ಹೂಂ," ಎಂದಳು.

ಇದು ಸುಳ್ಳಲ್ಲ, ಔಷಧ. ಇಂದು ಪ್ರಾಸ ಬೇಡ.

ನವೆಂಬರ್ 24

ಇನ್ನೆರಡು ಹೋದವು. ಹಿಕ್ಕೆ ಗೋಂದಿನ ಹಾಗೆ ಲೋಳೆ ಲೋಳೆ. ಉಳಿದವಕ್ಕೂ ಮೊದಲಿನ ಹಸಿವಿಲ್ಲ. ನಿಶ್ಶಕ್ತಿಯೇ ಇದಕ್ಕೆಲ್ಲ ಮೂಲ. ಬೆಲ್ಲವನ್ನು ಇಮ್ಮಡಿ ಮಾಡಿದೆ, ಹಿಂಡಿಯನ್ನೂ ಹೆಚ್ಚಿಸಿದೆ, ಬಾಯಿ ಬಿಡಿಸಿ ತಿನ್ನಿಸಿದೆ. ಅವುಗಳ ಹಲ್ಲಿನ ನಡುವೆ ಉಂಡೆ ತುರುಕುವಾಗ ಅವು ನನ್ನನ್ನೇ ನೋಡುತ್ತಿದ್ದವು.

ಗಾಳಿ ಸಾಲದೆಂದು ಎರಡನ್ನು ಹಿಂದಿನ ಕೊಟ್ಟಿಗೆಗೆ ಹಾಕಿದ್ದೇನೆ ಎಂದು ವಿಮಲಳಿಗೆ ಹೇಳಿದೆ.

"ಹೂಂ," ಎಂದಳು. ತುಪ್ಪದನ್ನ ಮುಟ್ಟಲಿಲ್ಲ. ನನಗೂ ಸಿಟ್ಟು ಬಂತು. ಬದುಕಲಿ ಅಂತ ಇಷ್ಟು ಮಾಡುತ್ತಿದ್ದರೆ ಯಾರಿಗೂ ಬೇಡವಾಗಿದೆ ಎಂದು ಗೊಣಗಿದೆ. ಮೊಲಕ್ಕೆ ಹೇಳಿದ್ದು ಎಂದು ಅವಳು ತಿಳಿದಿರಬಹುದು.

ನವೆಂಬರ್ 26

ಮೂರು. ಒಂದೇ ರಾತ್ರಿ.

ನವೆಂಬರ್ 28, ಶನಿವಾರ

ಉಳಿದ ಮೂರರಲ್ಲಿ ಒಂದು ಗೂನು ಹಾಕಿ ಕೂತಿತು. ಬುಟ್ಟಿಯಲ್ಲಿಟ್ಟು ಬಸ್ಸು ಹತ್ತಿ ಮಾನಂತವಾಡಿಯ ಮೃಗಾಸ್ಪತ್ರೆಗೆ ಹೋದೆ. ಅಲ್ಲಿ ಹೊಸದಾಗಿ ಬಂದಿರುವ ಡಾಕ್ಟರ್ ಓಮನ ತ್ರಿಶೂರಿನ ಕಡೆಯವರು, ಮೊಲಗಳ ಮೇಲೆಯೇ ಓದಿದ್ದಾರಂತೆ. ಅವರ ಮಲಯಾಳವನ್ನು ನನ್ನ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಪ್ರಾಸವಿಲ್ಲದಿದ್ದರೂ ಮರೆಯಲಾರೆ.

ಹೊಟ್ಟೆ ಒತ್ತಿ ನೋಡಿ, "ಏನು ಕೊಡ್ತೀರಾ?" ಎಂದರು. ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ ಅನ್ನಿಸುತ್ತದೆ.

"ಬೆಲ್ಲ!" ಎಂದರು. "ಸಾರೇ, ಮೊಲ ಹೊಟ್ಟೆ ತುಂಬೋ ತನಕ ತಿನ್ನಲ್ಲ. ಸಾಕಷ್ಟು ಎನರ್ಜಿ ಸಿಕ್ಕಿತು ಅಂದ ಕೂಡಲೇ ಬಾಯಿ ನಿಲ್ಲಿಸುತ್ತೆ. ತುತ್ತು ಗಟ್ಟಿಯಾದಷ್ಟೂ ತಿನ್ನೋದು ಕಮ್ಮಿ. ಆಮೇಲೆ ಕರುಳಿಗೆ ಓಡಾಡೋಕೆ ನಾರು ಎಲ್ಲಿಂದ ಬರಬೇಕು? ದೊಡ್ಡ ಮೊಲ ಆದರೆ ಹೇಗೋ ತಡೆಯುತ್ತೆ. ಹಾಲು ಬಿಟ್ಟ ಎಳೆಯದಕ್ಕೆ ಅಷ್ಟೊಂದು ಹಿಟ್ಟು ಅರಗಲ್ಲ, ಒಳಗೇ ಹುಳಿಯುತ್ತೆ. ಮೊದಲ ವಾರ ತೂಕ ಏರಿತ್ತು ಅಲ್ವಾ?"

"ಏರಿತ್ತು."

"ಏರುತ್ತೆ. ಅದೇ ಮೋಸ. ರಾತ್ರಿ ಏನು ಇಡ್ತೀರಾ?"

"ರಾತ್ರಿ ಏನೂ ಇಲ್ಲ. ನಾವು ಜೈನರು."

ಆಕೆ ನನ್ನ ಮುಖವನ್ನೂ ಬುಟ್ಟಿಯನ್ನೂ ಒಂದು ಸಲ ನೋಡಿದರು. "ಮೊಲ ಹೆಚ್ಚು ತಿನ್ನೋದೇ ಹೊತ್ತು ಮುಳುಗಿದ ಮೇಲೆ. ಹಗಲೆಲ್ಲ ಮಲಗೋ ಪ್ರಾಣಿ ಅದು. ಹುಲ್ಲು ಇಡಿ, ಒರಟು ಹುಲ್ಲು, ಇರುಳೆಲ್ಲ ಸಿಗೋ ಹಾಗೆ. ಸ್ವಲ್ಪ ಸ್ವಲ್ಪ, ಆಗಾಗ ತಿನ್ನಲಿ."

ಈ ಮಾತನ್ನು ಹಿಂದೆ ಎಲ್ಲೋ ಕೇಳಿದ್ದೆ. ಎಲ್ಲಿ ಎಂದು ಬಸ್ಸಿನಲ್ಲಿ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ತರುವಣ ದಾಟುವಷ್ಟರಲ್ಲಿ ಬುಟ್ಟಿಯ ಮರಿ ಸತ್ತಿತು. ವೆಳ್ಳಮುಂಡದಲ್ಲಿ ಇಳಿದಾಗ ದಾಮೋದರನ್ ಅಂಗಡಿಯಿಂದಲೇ ಕೂಗಿದ: "ಹೆಂಗಿದಾರೆ ಸಾರೇ ನಮ್ಮ ಮಕ್ಕಳು?" ಬುಟ್ಟಿಯ ಬಟ್ಟೆ ಸರಿಸಿ ತೋರಿಸಿದೆ. ಉಳಿದವು ಎಷ್ಟು ಎಂದು ಕೇಳಿದ. ಎರಡು ಎಂದೆ.

ಅವನಿಗೆ ತಮಾಷೆ ಮಾಡುವ ಮನಸ್ಸೇನೂ ಇರಲಿಲ್ಲ. ಲೋಟ ತೊಳೆಯುತ್ತ, ತನಗೇ ಎಂಬಂತೆ ಹೇಳಿದ: "ನನ್ನ ಹತ್ರ ಇದ್ದಿದ್ರೆ ಕ್ರಿಸ್ಮಸ್ ತನಕ ಇರ್ತಿದ್ವು."

ಕೊಲ್ಲುವವನ ಮನೆಯಲ್ಲಿ ಬದುಕಿದ್ದವು. ನನ್ನ ಮನೆಗೆ ಬಂದು ಸತ್ತವು. ಇದಕ್ಕೆ ಯಾವ ಛಂದಸ್ಸೂ ಬೇಡ.

ಡಿಸೆಂಬರ್ 2

ಶನಿವಾರದಿಂದ ಸಂಜೆ ಹೊತ್ತು ಗೂಡಿಗೆ ಹುಲ್ಲು ಇಡುತ್ತಿದ್ದೇನೆ. ಮೊದಲ ದಿನ ಕೈ ಗೂಡಿನ ಬಾಗಿಲ ತನಕ ಹೋಗಿ ನಿಂತಿತು. ದೇವರ ಮುಂದೆ ದೀಪ ಉರಿಯುತ್ತಿತ್ತು. ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದರು? ಅವರ ಹೋತಕ್ಕೆ ಅವರೂ ರಾತ್ರಿ ಏನೂ ಹಾಕುತ್ತಿರಲಿಲ್ಲ. ಅದು ಹಗ್ಗ ಹರಿದು ಮೆಣಸಿನ ತೋಟಕ್ಕೆ ಹೋಗುತ್ತಿದ್ದುದು ಯಾವ ಹೊತ್ತಿನಲ್ಲಿ ಎಂದು ಈಗ ನೆನಪಾಗುತ್ತಿದೆ.

ಇವತ್ತು ಹುಲ್ಲು ಇಟ್ಟು ಅಲ್ಲೇ ಕೂತೆ. ಕತ್ತಲು ಗಟ್ಟಿಯಾದ ಮೇಲೆ ಎರಡೂ ಮೆಲ್ಲಗೆ ಬಂದವು. ಎಷ್ಟು ತಿಂದವು! ಒಂದೊಂದೇ ಎಸಳು, ತುದಿಯಿಂದ ಬುಡಕ್ಕೆ, ಬಾಯಿ ನಿಲ್ಲಿಸದೆ. ಸರಳು ಕಡಿಯುವ ಸದ್ದು ಇರಲಿಲ್ಲ.

ಹಿಂದೆ ವಿಮಲ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಜಾನು ಇವತ್ತು ಬಂದಿದ್ಲು," ಎಂದಳು. "ಮೊಲ ಹೆಂಗಿದೆ ಅಂದೆ. ಯಾವ ಮೊಲ ಅಂದ್ಲು."

ನಾನು ಹುಲ್ಲನ್ನು ಸರಿಪಡಿಸಿದೆ. ಅದು ಸರಿಯಾಗಿಯೇ ಇತ್ತು.

"ಜಗಲಿಯಿಂದ ಕಾಫಿ ಗಿಡದ ಬುಡ ಎಲ್ಲ ಕಾಣುತ್ತೆ ಕಣ್ರೀ. ಒಂದೊಂದು ದಿನ ಒಂದೊಂದು ಕಡೆ ಹೊಸ ಮಣ್ಣು."

"ನಿನ್ನ ಮನಸ್ಸಿಗೆ ಹತ್ತಬಾರದು ಅಂತ..."

"ಸತ್ತದ್ದಕ್ಕೆ ಹೇಳ್ತಿಲ್ಲ. ನನ್ನೊಬ್ಬಳನ್ನೇ ಎಣಿಸೋಕೆ ಬಿಟ್ರಲ್ಲ."

ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ಹಾಕಿದ್ದರೆ ವಾಸಿಯಿತ್ತು.

ಡಿಸೆಂಬರ್ 6, ಭಾನುವಾರ

ವರದೂರಿನಿಂದ ಅವಳ ಅಣ್ಣ ಪದ್ಮಪ್ಪ ಬಂದ. ತಂಗಿಯನ್ನು ನೋಡಿದವನೇ ನನ್ನನ್ನು ಅಂಗಳಕ್ಕೆ ಕರೆದ.

"ಭಾವ, ಜ್ವರ ಬಿಟ್ಟು ತಿಂಗಳಾಯ್ತು. ಇನ್ನೂ ಹಿಂಗೇ ಇದಾಳಲ್ಲ?"

"ನಾನು ಕೊಡೋದನ್ನ ಅವಳು ತಿನ್ನಬೇಕಲ್ಲ ಮತ್ತೆ."

"ರಾತ್ರಿ ಗಂಜಿ ಕೊಡಿ ಅಂದಿದ್ರು ಡಾಕ್ಟ್ರು. ನಾನೇ ಇದ್ದೆ ಅಲ್ಲಿ."

"ನಮ್ಮ ಮನೇಲಿ ಆ ಪದ್ಧತಿ ಇಲ್ಲ, ನಿಂಗೆ ಗೊತ್ತು."

"ಕಾಯಿಲೆಯವರಿಗೆ ವಿನಾಯಿತಿ ಇದೆ ಭಾವ. ಯಾವ ಸ್ವಾಮಿಗಳನ್ನ ಬೇಕಾದ್ರೂ ಕೇಳಿ. ಅದಿರ್ಲಿ, ಮೊಲಕ್ಕೆ ರಾತ್ರಿ ಹುಲ್ಲು ಬೀಳ್ತಿದೆಯಂತೆ?"

"ಮೊಲ ಜೈನರಲ್ಲ," ಎಂದೆ.

ಹೇಳುವಾಗ ಜಾಣ ಉತ್ತರ ಎನ್ನಿಸಿತ್ತು.

ಮಧ್ಯಾಹ್ನದ ಬಸ್ಸಿಗೆ ಅವಳನ್ನು ಕರೆದುಕೊಂಡು ಹೋದ. "ಪಾಪ ಬಂದ್ರೆ ನನ್ನ ತಲೆ ಮೇಲಿರ್ಲಿ," ಎಂದ. ನಾನು ತಡೆಯಲಿಲ್ಲ. ಬಿಗುಮಾನ. ವಿಮಲ ಬಸ್ಸು ಹತ್ತುವ ಮುನ್ನ, "ಹುಲ್ಲು ಒದ್ದೆ ಇದ್ರೆ ಹಾಕಬೇಡಿ. ನೆರಳಲ್ಲಿ ಆರಿಸಿ," ಎಂದಳು.

ಅಂಟಿನುಂಡೆಯ ಡಬ್ಬಿ ಮುಕ್ಕಾಲು ತುಂಬಿದೆ. ನಾನೇ ಒಂದು ತಿಂದು ನೋಡಿದೆ. ಎದೆಗೆ ಹತ್ತುತ್ತದೆ.

ಡಿಸೆಂಬರ್ 9

ಆಸ್ಪತ್ರೆಯ ಚೀಟಿ ಸಿಕ್ಕಿತು. ಗೋಡೆಯ ಮೊಳೆಗೇ ಸಿಕ್ಕಿಸಿದ್ದೆ. ಸ್ವಲ್ಪ ಸ್ವಲ್ಪ, ಆಗಾಗ.

ಡಿಸೆಂಬರ್ 25

ದಾಮೋದರನ್‌ನ ಗೂಡು ಖಾಲಿ. ಅವನಲ್ಲಿ ಉಳಿದಿದ್ದ ಬೇರೆ ಮೊಲಗಳೆಲ್ಲ ಪುಲ್ಪಳ್ಳಿಗೆ ಹೋದವು. ನಾನು ಚಹ ಕುಡಿಯುತ್ತ ಆ ಗೂಡನ್ನು ನೋಡಿದೆ. ಅವನು ನನ್ನನ್ನು ನೋಡಿದ. ಇಬ್ಬರೂ ಚಹಕ್ಕೆ ಸಕ್ಕರೆ ಸಾಲದೆಂದು ಮಾತಾಡಿದೆವು.

ನಮ್ಮವೆರಡೂ ಗಟ್ಟಿಯಾಗಿವೆ. ಹಿಕ್ಕೆ ಗುಂಡಗೆ, ಒಣಗಿ, ಮೆಣಸಿನ ಕಾಳಿನಂತಿದೆ. ಅದನ್ನು ನೋಡಿ ಇಷ್ಟು ಸಂತೋಷವಾಗುವ ಕಾಲ ಬರುತ್ತದೆಂದು ಯಾರಾದರೂ ಮೈಸೂರಿನಲ್ಲಿ ಹೇಳಿದ್ದರೆ ಬಿ.ಎ. ಬಿಟ್ಟು ಓಡುತ್ತಿದ್ದೆ. ತೂಕ ಏರುತ್ತಿದೆ, ಆದರೆ ತಕ್ಕಡಿಗೇ ಬೇಸರವಾಗುವಷ್ಟು ನಿಧಾನ. ಹಿಂದೆ ಬೆಲ್ಲದ ವಾರದಲ್ಲಿ ಏರಿದಷ್ಟು ಈಗ ಏರಲು ಎಷ್ಟೋ ದಿನ ಹಿಡಿಯುತ್ತದೆ.

ವರದೂರಿನಿಂದ ಬಂದವರೊಬ್ಬರು ಹೇಳಿದರು: ವಿಮಲಳ ಮುಖದಲ್ಲಿ ರಕ್ತ ಕಾಣಿಸಿಕೊಂಡಿದೆಯಂತೆ, ರಾತ್ರಿ ನಿದ್ದೆ ಬರುತ್ತಿದೆಯಂತೆ. ಒಳ್ಳೆಯದಾಯಿತು ಎಂದೆ. ನಿಜವಾಗಿಯೂ ಒಳ್ಳೆಯದಾಯಿತು. ಆದರೆ ಮನೆಗೆ ಬರುವ ದಾರಿ ಇಂದು ಬಹಳ ಉದ್ದವಿತ್ತು.

ಜನವರಿ 10, 1982, ಭಾನುವಾರ

ವಿಮಲ ಬಂದಳು. ಕಾಫಿ ಕೊಯ್ಲು ನಡೆದಿದೆ, ನೀವೊಬ್ಬರೇ ಹೇಗೆ ಮಾಡುತ್ತೀರಿ ಎಂದು ಅವಳೇ ಅಣ್ಣನ ಜೊತೆ ಹೊರಟು ಬಂದಳು. ಕೆನ್ನೆ ಸ್ವಲ್ಪ ತುಂಬಿದೆ. ಬಳೆ ಮೊಣಕೈಗೆ ಜಾರುವುದಿಲ್ಲ. ಗೂಡಿನ ಮುಂದೆ ಕೂತು ಎರಡನ್ನೂ ಮಡಿಲಿಗೆ ಹಾಕಿಕೊಂಡಳು. "ಇದು ದೊಡ್ಡದಾಗಿದೆ. ಇದು ಇನ್ನೂ ಪಾಪ," ಎಂದಳು.

ಸಂಜೆ ಒಲೆ ಆರಿಸಲು ಮರೆತೆ. ಕೆಲಸದ ಗಡಿಬಿಡಿ. ಕೆಂಡದ ಮೇಲೆ ಒಂದು ಪಾತ್ರೆ ಗಂಜಿಯೂ ಉಳಿದಿತ್ತು. ದೀಪ ಹಚ್ಚಿ ಬಹಳ ಹೊತ್ತಾದ ಮೇಲೆ, "ಒಳಗೆ ಗಂಜಿ ಬಿಸಿ ಇದೆ. ಸುಮ್ಮನೆ ಹಾಳಾಗುತ್ತೆ," ಎಂದೆ.

ಅವಳು ನನ್ನನ್ನೇ ನೋಡಿದಳು. ಎಷ್ಟೋ ದಿನದ ಮೇಲೆ ಹಾಗೆ ನೋಡಿದಳು.

"ಆಗಲ್ಲ ಕಣ್ರೀ. ನಿಯಮ ತಗೊಂಡಿದೀನಿ. ನಿನ್ನೆ ವರದೂರಿನ ಬಸದೀಲಿ."

"ಎಂಥ ನಿಯಮ?"

"ಇವೆರಡೂ ಮೈ ತುಂಬಿ ದೊಡ್ಡವಾಗೋ ತನಕ ಹೊತ್ತು ಮುಳುಗಿದ ಮೇಲೆ ನೀರೂ ಇಲ್ಲ."

"ನಿನಗೆ ಹುಚ್ಚಾ? ಡಾಕ್ಟ್ರು ಏನಂದಿದಾರೆ? ನಿಮ್ಮಣ್ಣ ಒಪ್ಪಿದನಾ?"

"ಅಣ್ಣನ ಮನೇಲಿ ಇಷ್ಟು ದಿನ ಕುಡಿದೆ. ರಾತ್ರಿ ಗಂಜಿ ಬಾಯಿಗೆ ಇಟ್ಟಾಗೆಲ್ಲ ಕಟಕಟ ಅಂತ ಕೇಳಿಸೋದು. ನನ್ನ ಹೆಸರಲ್ಲಿ ತಂದು, ನನ್ನ ಹೆಸರಲ್ಲೇ ಹಸಿದು ಸತ್ತವಲ್ಲ ಅವು."

"ತಪ್ಪು ನಂದು. ನಿಯಮ ನಾನು ತಗೋತೀನಿ."

"ನೀವು ಮೊದಲೇ ತಿನ್ನಲ್ಲವಲ್ಲ," ಎಂದಳು. ಕುಹಕವಿರಲಿಲ್ಲ. ಇದ್ದದ್ದನ್ನು ಹೇಳಿದಳು.

ನಿಯಮಕ್ಕೆಂದು ಬಿಡಲು ನನ್ನ ಬಳಿ ಏನೂ ಉಳಿದಿಲ್ಲ. ಗಂಜಿಯನ್ನು ಹಸುವಿಗೆ ಹಾಕಿದೆ. ಹೊತ್ತು ಮುಳುಗಿತ್ತು.

ಜನವರಿ 19

ಕೆಲಸವಿತ್ತೆಂದು ಮಾನಂತವಾಡಿಗೆ ಹೋಗಿದ್ದೆ. ಕೆಲಸ ಇದೇ. ಡಾಕ್ಟರ್ ಓಮನರನ್ನು ಕೇಳಿದೆ: "ಮೊಲ ಪೂರ್ತಿ ಬೆಳೆಯೋದು ಯಾವಾಗ?"

"ಆರಾಮಾಗಿ ಬೆಳೆಯಲಿ ಬಿಡಿ. ಹುಲ್ಲಿನ ಮೇಲೆ ನಿಧಾನ. ದಿನಕ್ಕೆ ಒಂದು ಚಿಟಿಕೆ ಧಾನ್ಯ ಹೆಚ್ಚಿಸಬಹುದು, ಅಷ್ಟೆ. ಮಳೆಗಾಲ ಹಿಡಿಯೋ ಹೊತ್ತಿಗೆ ದೊಡ್ಡವಾಗಿರುತ್ತವೆ."

"ಇನ್ನೂ ಸ್ವಲ್ಪ ಬೇಗ ಆಗೋ ಹಾಗೆ..."

ಆಕೆ ಬರೆಯುವುದನ್ನು ನಿಲ್ಲಿಸಿದರು. "ಬೇಗದ್ದು ಏನಾಯ್ತು ಅಂತ ನೋಡಿದ್ದೀರಲ್ಲ ಸಾರೇ."

ನೋಡಿದ್ದೇನೆ.

ಜನವರಿ 24, ಭಾನುವಾರ

ತೂಗಿದೆ. ದೊಡ್ಡದು ಚೂರು ಏರಿದೆ. ಚಿಕ್ಕದು ಹೋದ ವಾರದಷ್ಟೇ ಇದೆ. ತಕ್ಕಡಿಯ ಮುಳ್ಳನ್ನು ಉಗುರಿನಿಂದ ಸ್ವಲ್ಪ ತಟ್ಟಿ ನೋಡಿದೆ. ಅದು ಮರಳಿ ಅಲ್ಲಿಗೇ ಬಂದು ನಿಂತಿತು.

ವಿಮಲಳ ಬಳೆ ಮತ್ತೆ ಜಾರಲು ತೊಡಗಿದೆ. ಹಗಲಿನಲ್ಲಿ ಸ್ವಲ್ಪ ಸ್ವಲ್ಪ, ಆಗಾಗ ಕೊಡುತ್ತೇನೆ. ತುಪ್ಪವಿಲ್ಲದ ತಿಳಿ ಗಂಜಿ, ಹೆಸರುಬೇಳೆ ಕಟ್ಟು, ನೇಂದ್ರ ಬಾಳೆ ಬೇಯಿಸಿದ್ದು. ತಿನ್ನುತ್ತಾಳೆ. ಆದರೆ ಹಗಲು ಗಿಡ್ಡ.

ಇಂದು ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದು ಬಹಳ ಹೊತ್ತು ನಿಂತೆ. ಒಂದು ಚೂರು. ಚಿಕ್ಕದಕ್ಕೆ ಮಾತ್ರ. ಮುಚ್ಚಳ ಹಾಕಿ, ಡಬ್ಬಿಯನ್ನು ಅಟ್ಟದ ಮೇಲೆ, ಏಣಿಯಿಲ್ಲದೆ ಎಟುಕದ ಕಡೆ ಇಟ್ಟು ಬಂದೆ.

ಹುಲ್ಲಿಗೆ ಎರಡು ಸಾಲು ಬರೆಯಲು ಕೂತೆ. ಮೊದಲ ಸಾಲು ಬಂತು, ಎರಡನೆಯದು ಬರಲಿಲ್ಲ. ಬರುವ ತನಕ ಕಾಯಬಹುದು.

ಕತ್ತಲಾಗಿದೆ. ಕಂದೀಲು ಇಟ್ಟುಕೊಂಡು ಗೂಡಿನ ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಒಲೆ ಆರಿಸುವುದನ್ನು ಇವತ್ತೂ ಮರೆತಿದ್ದೇನೆ. ಎರಡೂ ಬಂದು ಎಸಳು ಎಳೆಯುತ್ತಿವೆ. ಗೋಡೆಯ ಆಚೆ ಅವಳು ಮಗ್ಗಲು ಬದಲಿಸಿದ ಸದ್ದು, ಎದ್ದೇ ಇದ್ದಾಳೆ. ಇನ್ನೊಂದು ಹಿಡಿ ಹುಲ್ಲು ಇಟ್ಟೆ. ಬೇಗ ತಿನ್ನಿ ಎನ್ನಲಿಲ್ಲ.